ಎಕ್ಸ್‌ಟೆನ್ಷನ್ ಇಪ್ಪತ್ತೇಳು

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಸುಬ್ಬಲಕ್ಷ್ಮಿಯ ಎದುರಿದ್ದ ಟೆಲಿಫೋನ್ ಬೋರ್ಡಿನಲ್ಲಿ ಕರೆ ಬಂದ ಗುರುತಾಗಿ ಇಪ್ಪತ್ತೇಳನೇ ನಂಬರಿನ ಪುಟ್ಟ ಮುಚ್ಚಳ ಟಪ್ಪೆಂದು ಬಿತ್ತು. ಇಪ್ಪತ್ತೇಳು ಅಂದರೆ ಕಾರ್ಖಾನೆಯ ಹಿಂಭಾಗದ ಬಣ್ಣದ ಗೋಡೌನು. ಅಲ್ಲಿಂದ ದಿನಕ್ಕೊಂದು ಫೋನು ಬಂದರೆ ಹೆಚ್ಚು. ಅವಳು ಪ್ಲಗ್ಗು ಚುಚ್ಚಿ, "ಹೇಳಿ ವೆಂಕಟಪ್ಪ" ಎಂದಳು.

ಉತ್ತರ ಕೊಟ್ಟದ್ದು ಗೋಡೌನಿನ ಗುಮಾಸ್ತ ವೆಂಕಟಪ್ಪನಲ್ಲ.

"ಮೇಡಮ್ಮ, ನಾನು ಗೋಪಾಲಪ್ಪ. ಪ್ರೆಸ್ ಶಾಪಿನೋನು."

"ಗೋಪಾಲಪ್ಪ? ನೀವು ಒಳಗೆ ಹೇಗೆ ಬಂದ್ರಿ?"

"ಪೆಟ್ಟಿಗೇಲಿ ಬಟ್ಟೆ ಐತೆ, ತಕ್ಕೊಂಡೋಯ್ತೀನಿ ಅಂದೆ. ವಾಚ್‌ಮನ್ ಬಿಟ್ಟ. ಈಗ ನಾನು ಏಳಾದ ಸರಿಯಾಗಿ ಕೇಳ್ಕಳಿ. ಮ್ಯಾನೇಜರ್ ಸಾಹೇಬ್ರು ಇಲ್ಲೇ ನನ್ ಜೊತೇಲವ್ರೆ. ವೆಂಕಟಪ್ಪನೂ ಅವ್ನೆ. ಬಾಗ್ಲು ಒಳಗಿಂದ ಅಗಳಿ ಆಕಿವ್ನಿ. ಎರಡು ತಿನ್ನರ್ ಡ್ರಮ್ಮು ಬಾಯಿ ತೆಗ್ದಿವ್ನಿ. ವೆಲ್ಡಿಂಗ್‌ನೋರ ಲೈಟರ್ ಎಡಗೈನಾಗೈತೆ. ಪೋಲೀಸ್ರಿಗೆ ಪೋನ್ ಮಾಡಿ. ಆಮ್ಯಾಕೆ ಮಾಲೀಕ್ರಿಗೂ ಮಾಡಿ."

"ಗೋಪಾಲಪ್ಪ, ಯಾಕೆ..."

"ಯಾಕೆ ಅಂತ ನಿಮಗ್ಗೊತ್ತಿಲ್ವಾ?" ಎಂದ ಅವನು. ಫೋನು ಕೆಳಗಿಟ್ಟ ಸದ್ದು ಅವಳ ಕಿವಿಯೊಳಗೆ ಬಹಳ ಹೊತ್ತು ಉಳಿಯಿತು.

ಅವಳಿಗೆ ಗೊತ್ತಿತ್ತು. ಅವನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಗೊತ್ತಿತ್ತು.

ಪೀಣ್ಯದ ಆ ಕಾರ್ಖಾನೆ ತಗಡು ಒತ್ತಿ ಫ್ಯಾನು, ಮೋಟಾರುಗಳ ಬಿಡಿಭಾಗ ಮಾಡುತ್ತಿತ್ತು. ಕಾರ್ಖಾನೆಗಳು ಬರುವ ಮೊದಲು ಅಲ್ಲಿ ರಾಗಿ ಹೊಲಗಳಿದ್ದವು. ಒಂದು ತುಂಡು ಗೋಪಾಲಪ್ಪನ ಅಪ್ಪನದು. ಹೊಲ ಕೊಟ್ಟವರಿಗೆ ಮನೆಗೊಂದು ಕೆಲಸ ಅಂತ ಕೊಟ್ಟಾಗ ಗೋಪಾಲಪ್ಪ ಪ್ರೆಸ್ಸಿನ ಮುಂದೆ ಬಂದು ನಿಂತ, ಹನ್ನೊಂದು ವರ್ಷ ನಿಂತ. ಪ್ರೆಸ್ಸಿನ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿಯೊಂದು ಇರುತ್ತದೆ. ಅದು ಕೆಳಗಿಳಿಯದ ಹೊರತು ಪ್ರೆಸ್ಸು ಬಡಿಯುವುದಿಲ್ಲ. ಜಾಲರಿ ಇದ್ದರೆ ಕೈ ಉಳಿಯುತ್ತದೆ. ಗಂಟೆಗೆ ಬರುವ ಮಾಲು ಮಾತ್ರ ಕಡಿಮೆಯಾಗುತ್ತದೆ. ಕಳೆದ ಡಿಸೆಂಬರಿನಲ್ಲಿ ಆರನೇ ಪ್ರೆಸ್ಸಿಗೆ ಜಾಲರಿ ಇಲ್ಲದ ದಿನ ಗೋಪಾಲಪ್ಪನ ಬಲಗೈಯ ನಾಲ್ಕು ಬೆರಳುಗಳು ಹೋದವು. ಹೆಬ್ಬೆರಳು ಉಳಿಯಿತು. ಆಮೇಲೆ ವಿಚಾರಣೆ ಎಂಬುದೊಂದು ನಡೆದು, ಬೇಗ ಬೇಗ ಮಾಲು ತೆಗೆಯುವ ಆಸೆಗೆ ಅವನೇ ಜಾಲರಿ ಬಿಚ್ಚಿಕೊಂಡಿದ್ದ, ಇದು ಅವನದೇ ಅಜಾಗರೂಕತೆ ಎಂದು ಬರೆದು ಕೆಲಸದಿಂದ ತೆಗೆದರು.

ಆದರೆ ಜಾಲರಿ ಬಿಚ್ಚಿಸಿದವರು ಯಾರೆಂದು ಸುಬ್ಬಲಕ್ಷ್ಮಿ ತನ್ನ ಕಿವಿಯಾರೆ ಕೇಳಿದ್ದಳು. ಡಿಸೆಂಬರ್ ಹದಿನಾಲ್ಕು, ಸೋಮವಾರ. ವರ್ಕ್ಸ್ ಮ್ಯಾನೇಜರ್ ಜಯಸಿಂಹ ಬೆಳಿಗ್ಗೆಯಿಂದ ಬಾಂಬೆಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದರು. ಕಾಲ್ ಬಂದಾಗ ಅವರು ಫೋರ್‌ಮನ್ ಸೊಣ್ಣಪ್ಪನ ಜೊತೆ ಒಳಗಿನ ಫೋನಿನಲ್ಲಿ ಮಾತಾಡುತ್ತಿದ್ದರು. ಬಾಂಬೆ ಲೈನಿನಲ್ಲಿದೆ ಎಂದು ತಿಳಿಸಲು ಅವಳು ಅವರ ಲೈನಿಗೆ ಬಂದಾಗ ಕೇಳಿದ ಮಾತು ಇದು: "ಆರನೇ ಪ್ರೆಸ್ಸಿನ ಜಾಲರಿ ಬಿಚ್ಚಿ ಹಾಕ್ರೀ. ಈ ಆರ್ಡರ್ ಮುಗಿಯೋ ತನಕ ಬೇಡ." "ಸಾರ್, ಕೈ ಗೀಯಿ ಹೋದೀತು" ಎಂದಿದ್ದ ಸೊಣ್ಣಪ್ಪ. "ಏನೂ ಹೋಗಲ್ಲ, ಬಿಚ್ಚಿಸಿ" ಎಂದಿದ್ದರು ಜಯಸಿಂಹ. ಮೂರನೆಯ ದಿನ ಕೈ ಹೋಯಿತು.

ವಿಚಾರಣೆಯವರು ಟೆಲಿಫೋನ್ ಹುಡುಗಿಯನ್ನು ಏನೂ ಕೇಳಲಿಲ್ಲ. ಅವಳು ಮನೆಯಲ್ಲಿ ಅಪ್ಪನ ಹತ್ತಿರ ಹೇಳಿದಳು. ಪಟ್ಟಾಭಿರಾಮಯ್ಯನವರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಯಾರ ತಂಟೆಗೂ ಹೋಗದೆ ಕೆಲಸ ಮಾಡಿದವರು. "ಕೇಳಿದ್ರೆ ಹೇಳು, ಕೇಳದಿದ್ರೆ ಸುಮ್ನಿರು" ಎಂದರು. ಅವಳು ಸುಮ್ಮನಿದ್ದಳು. ಮೂರು ತಿಂಗಳು ಸುಮ್ಮನಿದ್ದಳು.

*

ಪೊಲೀಸರು ಇಪ್ಪತ್ತು ನಿಮಿಷದಲ್ಲಿ ಬಂದರು. ಇನ್‌ಸ್ಪೆಕ್ಟರ್ ಚಿಕ್ಕಬೈರಪ್ಪ ಐವತ್ತು ದಾಟಿದ, ಬೆಲ್ಟಿನ ಮೇಲೆ ಹೊಟ್ಟೆ ಇಳಿಬಿದ್ದ ಮನುಷ್ಯ. ನೆಲಮಂಗಲದ ಕಡೆಯವರು. ಬಂದವರೇ ಮೊದಲು ಕಾನ್‌ಸ್ಟೇಬಲ್‌ಗಳನ್ನು ಗೋಡೌನಿನಿಂದ ನೂರು ಗಜ ಹಿಂದಕ್ಕೆ ಕಳಿಸಿದರು. ಆ ಕಡೆಯ ಕರೆಂಟು ತೆಗೆಸಿದರು. ಪ್ರೆಸ್ಸುಗಳೆಲ್ಲ ನಿಂತವು. ಬೆಳಗಿನಿಂದ ಸಂಜೆಯವರೆಗೆ ನೆಲ ನಡುಗಿಸುತ್ತಿದ್ದ ಕಾರ್ಖಾನೆ ಒಮ್ಮೆಗೇ ಮೌನವಾದಾಗ ಸುಬ್ಬಲಕ್ಷ್ಮಿಗೆ ತನ್ನ ಉಸಿರೇ ಜೋರಾಗಿ ಕೇಳಿತು.

"ಅವನ ಹತ್ರ ಮಾತಾಡೋಕೆ ಇರೋದು ಇದೊಂದೇ ದಾರೀನಾ?" ಎಂದು ಕೇಳಿದರು ಚಿಕ್ಕಬೈರಪ್ಪ, ಅವಳ ಕೋಣೆಗೆ ಬಂದು ಬೋರ್ಡು ನೋಡುತ್ತ.

"ಹೌದು ಸಾರ್. ಬೋರ್ಡು ಬ್ಯಾಟರಿ ಮೇಲೆ ನಡೆಯತ್ತೆ. ಕರೆಂಟ್ ಇಲ್ದಿದ್ರೂ ಪರವಾಗಿಲ್ಲ."

"ಹಂಗಾದ್ರೆ ನಾನು ಇಲ್ಲೇ ಕೂತ್ಕೋತೀನಿ. ಒಂದು ಸ್ಟೂಲ್ ಕೊಡಮ್ಮ."

ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಫೋನೆತ್ತುವ ಮುಂಚೆ ಅವನ ವಿಷಯ ವಿಚಾರಿಸಿದರು: ಕುಡೀತಾನಾ? ಇಲ್ಲ. ಮಕ್ಕಳು? ಒಬ್ಬಳು ಮಗಳು. ಹೆಂಡತಿ? ಭಾಗ್ಯಮ್ಮ, ಚೊಕ್ಕಸಂದ್ರದ ಮನೆಯಲ್ಲಿ. ಪಕ್ಕದಲ್ಲಿದ್ದ ಎಸ್‌ಐ, "ಹೆಂಡ್ತಿ ಕರೆಸ್ಲಾ ಸಾರ್?" ಎಂದ.

"ಬೇಡ. ಹೆಂಡ್ತಿ ಮುಖ ನೋಡಿ ಕೆಲವರು ಇಳೀತಾರೆ. ಕೆಲವರು ಹೆಂಡ್ತಿ ಮುಂದೆ ಸೋಲೋದ್ಯಾಕೆ ಅಂತ ಬೆಂಕಿ ಹಚ್ಕೋತಾರೆ. ಇವನು ಯಾವ ಜಾತಿಯೋನು ಅಂತ ಇನ್ನೂ ಗೊತ್ತಿಲ್ಲ. ಲೈನ್ ಕೊಡಮ್ಮ."

ಅವಳು ಲೈನ್ ಕೊಟ್ಟಳು. ತನಗೆ ಮಾತು ಕೇಳಿಸುವ ಕೀಲಿಯನ್ನು ಮುಚ್ಚಲು ಕೈಯಿಟ್ಟಾಗ ಅವರು ಬೇಡವೆಂದು ತಲೆಯಾಡಿಸಿದರು. "ನೀನೂ ಕೇಳ್ತಾ ಇರು. ನನಗೆ ತಪ್ಪಿದ್ದು ನಿನಗೆ ಸಿಕ್ಕೀತು."

"ಗೋಪಾಲಪ್ಪ, ನಾನು ಚಿಕ್ಕಬೈರಪ್ಪ. ಸ್ಟೇಷನ್ ಇನ್‌ಸ್ಪೆಕ್ಟರ್. ಬೆಳಿಗ್ಗೆ ಏನಾದ್ರೂ ತಿಂದಿದ್ದೀಯಾ?"

"ಊಟ ಗೀಟ ಬೇಡ! ಯಾವನಾದ್ರೂ ಬಾಗ್ಲತ್ರ ಬಂದ್ರೆ ಅಚ್ಬಿಡ್ತೀನಿ!"

"ಯಾರೂ ಬರಲ್ಲ. ಎಲ್ಲರನ್ನೂ ಹಿಂದಕ್ಕೆ ಕಳಿಸಿದೀನಿ. ಗವಾಕ್ಷಿಯಿಂದ ನೋಡ್ಕೋ."

ಫೋನು ಕಟ್ಟಾಯಿತು.

ಸುಬ್ಬಲಕ್ಷ್ಮಿ ಗಾಬರಿಯಿಂದ ಅವರ ಮುಖ ನೋಡಿದಳು. ಅವರು ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಎಳೆದುಕೊಂಡರು. "ಹೋಗಿ ನೋಡ್ತಾನೆ. ನಾನು ಹೇಳಿದ್ದು ನಿಜ ಅಂತ ಗೊತ್ತಾಗತ್ತೆ. ಮೊದಲನೇ ಮಾತು ನಿಜ ಇರ್ಬೇಕಮ್ಮ. ಆಮೇಲೆ ಅವನೇ ಫೋನ್ ಮಾಡ್ತಾನೆ."

ಏಳು ನಿಮಿಷಕ್ಕೆ ಇಪ್ಪತ್ತೇಳನೇ ಮುಚ್ಚಳ ಬಿತ್ತು.

ಅಲ್ಲಿಂದ ಮುಂದಿನ ಎರಡು ಗಂಟೆ ಅವಳು ಕೇಳಿದಂಥ ಮಾತುಕತೆಯನ್ನು ಹಿಂದೆಂದೂ ಕೇಳಿರಲಿಲ್ಲ. ಚಿಕ್ಕಬೈರಪ್ಪ ಒಂದು ಸಲವೂ ದನಿ ಏರಿಸಲಿಲ್ಲ. ಆಗಲ್ಲ ಅನ್ನಲಿಲ್ಲ, ಆಗುತ್ತೆ ಅಂತಲೂ ಅನ್ನಲಿಲ್ಲ. ಗೋಪಾಲಪ್ಪ ಬೈದರೆ ಬೈಸಿಕೊಂಡರು. ಕೈಯ ವಿಷಯ ಬಂದಾಗ, ಯಾವ ಕೈ, ಯಾವ ಆಸ್ಪತ್ರೆ, ಎಷ್ಟು ದಿನ, ಈಗಲೂ ಇಲ್ಲದ ಬೆರಳು ನೋಯುತ್ತದಾ ಎಂದು ಕೇಳಿದರು. "ನೋಯ್ತದೆ ಸಾರ್" ಎಂದ ಅವನು, ಮೊದಲ ಸಲ ಸಾರ್ ಎನ್ನುತ್ತ. "ರಾತ್ರಿ ಎದ್ದು ಕೆರ್ಕೊಳಾಕೋಯ್ತೀನಿ. ಅಲ್ಲಿ ಏನೂ ಇರಾಕಿಲ್ಲ."

"ತಿನ್ನರ್ ವಾಸನೆಗೆ ತಲೆ ಸುತ್ತಲ್ವಾ ನಿನಗೆ?"

"ಸುತ್ತಲಿ."

"ನೀನು ತಲೆ ಸುತ್ತಿ ಬಿದ್ರೆ ನಿನ್ನ ಮಾತು ಹೇಳೋರು ಯಾರು? ಜಯಸಿಂಹ ಹೇಳ್ತಾರಾ? ಒಂದು ಡ್ರಮ್ ಮುಚ್ಚಪ್ಪ. ಇನ್ನೊಂದು ತೆಗೆದೇ ಇಟ್ಕೋ."

ಬಹಳ ಹೊತ್ತಾದ ಮೇಲೆ ಡ್ರಮ್ಮಿನ ಮುಚ್ಚಳ ತಿರುಗಿಸಿದ ಕಿರ್ ಕಿರ್ ಸದ್ದು ಕೇಳಿತು. ಚಿಕ್ಕಬೈರಪ್ಪ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಮಾತಿನಲ್ಲಿ ಮಾತ್ರ ಏನೂ ತೋರಿಸಿಕೊಳ್ಳಲಿಲ್ಲ.

ಹನ್ನೆರಡರ ಹೊತ್ತಿಗೆ ಸುಬ್ಬಲಕ್ಷ್ಮಿ ಒಂದು ಚೀಟಿ ಬರೆದು ಅವರ ಮುಂದಿಟ್ಟಳು: 'ವೆಂಕಟಪ್ಪನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನಬೇಕು.'

"ಗೋಪಾಲಪ್ಪ, ವೆಂಕಟಪ್ಪ ಹೆಂಗಿದಾನೆ?"

"ಬೆವರ್ತಾವ್ನೆ. ಕೈ ನಡುಗ್ತಾ ಅವೆ."

"ಅವನಿಗೆ ಸಕ್ಕರೆ ಕಾಯಿಲೆ ಇದೆ. ಅವನು ನಿನಗೇನಾದ್ರೂ ಅನ್ಯಾಯ ಮಾಡಿದ್ನಾ?"

"ಇಲ್ಲ."

"ಆಸ್ಪತ್ರೇಲಿ ನಿನ್ನ ನೋಡೋಕೆ ಬಂದಿದ್ನಾ?"

"ಬಂದಿದ್ದ. ಅವ್ನೊಬ್ನೇ ಬಂದಿದ್ದು. ಕಿತ್ಲೆ ಅಣ್ಣು ತಂದಿದ್ದ."

ಚಿಕ್ಕಬೈರಪ್ಪ ಮುಂದೆ ಏನೂ ಅನ್ನಲಿಲ್ಲ. ಸುಮ್ಮನೆ ಕೂತರು. ಆ ಮೌನ ಅವಳಿಗೆ ತಡೆಯಲಾಗದಷ್ಟು ಉದ್ದವೆನಿಸಿ ಏನಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದಾಗ ಅವರು ಬೆರಳೆತ್ತಿ ತಡೆದರು. ಕೊನೆಗೆ ಗೋಪಾಲಪ್ಪನೇ ಅಂದ: "ಅವ್ನ್ನ ಬಿಡ್ತೀನಿ. ಬಾಗ್ಲು ತೆಗ್ಯವಾಗ ಯಾರಾರ ನುಗ್ಗಿದ್ರೆ..."

"ಯಾರೂ ನುಗ್ಗಲ್ಲ. ನನ್ನ ಮಾತು."

ಎಸ್‌ಐ ಕಣ್ಣಲ್ಲೇ ಕೇಳಿದ. ಬಾಗಿಲು ತೆರೆಯುವ ಅರೆಗಳಿಗೆ ಸಾಕು ಎಂಬ ಆಸೆ ಆ ಕಣ್ಣಲ್ಲಿತ್ತು. ಚಿಕ್ಕಬೈರಪ್ಪ ಅವನನ್ನು ನೋಡಿ, "ಹೆಜ್ಜೆ ಎತ್ತಿದ್ರೆ ಕಾಲು ಮುರೀತೀನಿ" ಎಂದರು ಮೆತ್ತಗೆ. ವೆಂಕಟಪ್ಪ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಹಿಂದೆ ಅಗಳಿ ಮತ್ತೆ ಬಿತ್ತು.

*

ಒಂದು ಗಂಟೆಗೆ ದೊಡ್ಡ ಅಧಿಕಾರಿ ಬಂದರು, ವ್ಯಾನು ತುಂಬ ಬಂದೂಕಿನವರ ಜೊತೆ. ಮಾಲೀಕರೂ ಅವರೊಟ್ಟಿಗೇ ಇದ್ದರು. ಅಧಿಕಾರಿ ತೆಳ್ಳಗಿನ ಮನುಷ್ಯ, ಬೇರೆ ನಾಡಿನವರು. ಪುಸ್ತಕ ನೋಡಿ ಕಲಿತಂಥ ಕನ್ನಡ ಮಾತಾಡುತ್ತಿದ್ದರು. ಬೋರ್ಡಿನ ಕೋಣೆಗೆ ಬಂದು ನಿಂತೇ ಮಾತಾಡಿದರು.

"ಮೂರು ಗಂಟೆಗಳಾದವು, ಚಿಕ್ಕಬೈರಪ್ಪ. ಊಟ ತಿಂಡಿ ವಿಚಾರಿಸುತ್ತ ಕೂತಿದ್ದೀರಿ."

"ಒಬ್ಬ ಹೊರಗೆ ಬಂದಿದಾನೆ ಸಾರ್. ಒಂದು ಡ್ರಮ್ ಮುಚ್ಚಿದಾನೆ. ಇನ್ನೂ ಸ್ವಲ್ಪ ಹೊತ್ತು ಕೊಡಿ."

"ಬೇಡ. ಗೋಡೌನಿನ ಹಿಂದೆ ಒಂದು ದೊಡ್ಡ ಕಿಟಕಿ ಇದೆ. ಫೋನು ಇರುವುದು ಬಾಗಿಲ ಹತ್ತಿರ. ಅವನನ್ನು ಎರಡು ನಿಮಿಷ ಫೋನಿನಲ್ಲಿ ಹಿಡಿದಿಡಿ. ನಮ್ಮವರು ಕಿಟಕಿ ಒಡೆಯುತ್ತಾರೆ." ಆಮೇಲೆ ಸುಬ್ಬಲಕ್ಷ್ಮಿಯ ಕಡೆ ತಿರುಗಿದರು. "ನೀವು ಅವನ ಹೆಂಡತಿಯಂತೆ ಮಾತಾಡಬೇಕು. ಅಳಬೇಕು. ಮಗಳಿಗೆ ಹುಷಾರಿಲ್ಲ ಎನ್ನಬೇಕು."

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಹೆಡ್‌ಫೋನಿನ ತಂತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮಾಡಲ್ಲ ಸಾರ್."

"ಏನು?"

"ಮಾಡಲ್ಲ. ಮಗಳಿಗೆ ಹುಷಾರಿಲ್ಲ ಅಂತ ಯಾರ ಹತ್ರಾನೂ ಸುಳ್ಳು ಹೇಳಲ್ಲ."

"ಇದು ಪೊಲೀಸ್ ಆಜ್ಞೆ."

"ಇರಲಿ ಸಾರ್."

ಮಾಲೀಕರು ಮುಂದೆ ಬಂದರು. "ಸುಬ್ಬಲಕ್ಷ್ಮಿ, ಸಂಬಳ ಕೊಡೋದು ನಾನು. ಸಾಹೇಬ್ರು ಹೇಳಿದಷ್ಟು ಮಾಡು."

"ಬೇರೆಯವರನ್ನ ಕೂರಿಸಿ ಸಾರ್, ನಾನು ಎದ್ದು ಹೋಗ್ತೀನಿ. ಆದ್ರೆ ಈ ಬೋರ್ಡು ನಡೆಸೋಕೆ ಇಲ್ಲಿ ಇನ್ನೊಬ್ರಿಗೆ ಬರಲ್ಲ." ಅಧಿಕಾರಿಯ ಕಡೆ ತಿರುಗಿದಳು. "ಅವರ ಹೆಂಡ್ತಿ ದನಿ ಅವರಿಗೆ ಗೊತ್ತಾಗಲ್ವಾ? ನನ್ನ ದನಿ ಗೊತ್ತಾಗಲ್ವಾ? ಹನ್ನೊಂದು ವರ್ಷ ಇಲ್ಲಿದ್ರು ಅವರು."

ಅಧಿಕಾರಿಯ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮುಂಚೆ ಚಿಕ್ಕಬೈರಪ್ಪ ಸ್ಟೂಲಿನಿಂದೆದ್ದು ಟೋಪಿ ಹಾಕಿಕೊಂಡು ನೆಟ್ಟಗೆ ನಿಂತರು.

"ಸಾರ್, ಆ ಹುಡುಗಿ ಹೇಳೋದು ಸರಿ. ಒಂದು ಸುಳ್ಳು ಸಿಕ್ಕಿಬಿದ್ರೆ ಬೆಳಿಗ್ಗೆಯಿಂದ ಆಡಿದ ಮಾತೆಲ್ಲ ಹೋಯ್ತು. ಇನ್ನೊಂದು. ಮೂರು ಗಂಟೆ ತಿನ್ನರ್ ಆವಿ ಆ ಕೋಣೇಲಿ ತುಂಬಿದೆ. ಅವನು ಲೈಟರ್ ಒತ್ತೋದೇ ಬೇಡ. ಕಿಟಕಿ ಒಡೆಯೋವಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿ ಒಂದು ಕಿಡಿ ಹಾರಿದ್ರೆ ಸಾಕು, ನಮ್ಮ ಹುಡುಗರೂ ಹೋಗ್ತಾರೆ. ಒಡೀರಿ ಅಂತ ಬರವಣಿಗೇಲಿ ಕೊಡಿ. ಕೊಟ್ರೆ ಒಡೆಸ್ತೀನಿ."

ಅಧಿಕಾರಿ ಗಡಿಯಾರ ನೋಡಿಕೊಂಡರು.

"ಅರ್ಧ ಗಂಟೆ" ಎಂದರು. "ಆಮೇಲೆ ನೀವು ಈ ಕೋಣೆಯಲ್ಲಿ ಇರುವುದಿಲ್ಲ."

*

ಮುಚ್ಚಳ ಬಿತ್ತು. ಗೋಪಾಲಪ್ಪನ ಮಾತು ಈಗ ತೊದಲುತ್ತಿತ್ತು, ವಾಸನೆ ತಲೆಗೇರಿತ್ತು.

"ಸಾರ್, ಬಂದೂಕ್ನೋರು ಬಂದವ್ರೆ. ನಾ ಕಂಡೆ."

"ಬಂದಿದಾರೆ. ಸುಳ್ಳು ಹೇಳಲ್ಲ. ಅರ್ಧ ಗಂಟೆ ಟೈಮ್ ಕೊಟ್ಟಿದಾರೆ ನನಗೆ. ನಿನಗೇನು ಬೇಕು, ಈಗ ಹೇಳಿಬಿಡು. ಕೆಲಸ ವಾಪಸ್ ಬೇಕಾ?"

"ಈ ಕೈಗೆ ಯಾವ ಕೆಲ್ಸ ಕೊಡ್ತಾರೆ? ಬೇಡ. ನಾನೇ ಜಾಲರಿ ಬಿಚ್ದೆ ಅಂತ ಬರ್ದವ್ರಲ್ಲ, ಆ ಕಾಗ್ದ ಸುಳ್ಳು ಅಂತ ಆಗ್ಬೇಕು. ಮನೇಲಿ ನನ್ ಎಂಡ್ರು ಕೇಳ್ತಾಳೆ, ಯಾಕೆ ಬಿಚ್ದೆ ಅಂತ. ಅವ್ಳೂ ನಂಬವ್ಳೆ, ಸಾರ್! ನನ್ ಮಗ್ಳು ಸ್ಕೂಲಿನಾಗೆ, ನಮ್ಮಪ್ಪ ಆಸೆಗೆ ಕೈ ಕಳ್ಕೊಂಡ ಅಂತ ಏಳವ್ಳೆ."

ಹಿಂದಿನಿಂದ ಜಯಸಿಂಹರ ದನಿ ಕೇಳಿತು: "ಬರೆದು ಕೊಡ್ತೀನಿ ಗೋಪಾಲಪ್ಪ, ಏನು ಬೇಕಾದ್ರೂ ಬರೆದು ಕೊಡ್ತೀನಿ..."

"ಕೇಳುದ್ರಾ ಸಾರ್? ಬೆಳಗಿಂದ ಇದ್ನೇ ಅಂತಾವ್ರೆ. ನಾನು ಈ ಲೈಟರ್ ಇಡ್ಕೊಂಡು ಬರ್ಸ್ಕೊಂಡ ಕಾಗ್ದ ಯಾವ ಕೆಲ್ಸಕ್ಕೆ? ಆಚೆಗೋಗಿ, ಎದರ್ಸಿ ಬರ್ಸ್ಕೊಂಡ ಅಂತಾರೆ. ಅದೂ ನಿಜಾನೇ ಅಲ್ವಾ? ಯಾರಾರ ಒಬ್ರು, ಒಬ್ರೇ ಒಬ್ರು, ಯಾರೂ ಎದರಿಸ್ದಂಗೆ, ಕಂಡಿದ್ದ ಏಳ್ಲಿ. ಇಡೀ ಪ್ರೆಸ್ ಶಾಪಿಗೆ ಗೊತ್ತೈತೆ. ಸೊಣ್ಣಪ್ಪಂಗೆ ಗೊತ್ತೈತೆ. ಯಾರೂ ಬಾಯಿ ಬಿಡ್ಲಿಲ್ಲ."

ಫೋರ್‌ಮನ್ ಸೊಣ್ಣಪ್ಪ ಬಾಗಿಲ ಹೊರಗೇ ನಿಂತಿದ್ದ. ಚಿಕ್ಕಬೈರಪ್ಪ ಅವನ ಕಡೆ ತಿರುಗಿ, "ನಿನಗೆ ಗೊತ್ತಂತೆ, ಹೇಳ್ತೀಯಾ?" ಎಂದರು. ಸೊಣ್ಣಪ್ಪ ಮಾಲೀಕರನ್ನು ನೋಡಿದ, ನೆಲ ನೋಡಿದ, ಮೆಲ್ಲಗೆ ಅಲ್ಲಿಂದ ಸರಿದು ಹೋದ.

ಸುಬ್ಬಲಕ್ಷ್ಮಿ ಅವನ ಬೆನ್ನು ನೋಡುತ್ತ ಕೂತಳು. ಅವಳಿಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಮೂರು ತಿಂಗಳಿನಿಂದ ಅವಳೂ ಹೀಗೆಯೇ ಬೆನ್ನು ಹಾಕಿಕೊಂಡು ಓಡಾಡಿದ್ದಳು. ಅದನ್ನೀಗ ಕಣ್ಣಾರೆ ಕಂಡಂತಾಯಿತು. ಮಾತಾಡುವ ಕೀಲಿಯನ್ನು ಒತ್ತಿದಳು.

"ಗೋಪಾಲಪ್ಪ, ನಾನು ಸುಬ್ಬಲಕ್ಷ್ಮಿ. ನಾನು ಹೇಳ್ತೀನಿ. ಜಾಲರಿ ಬಿಚ್ಚಿ ಅಂತ ಜಯಸಿಂಹ ಸಾರ್ ಸೊಣ್ಣಪ್ಪಂಗೆ ಹೇಳಿದ್ದನ್ನ ನಾನು ಕೇಳಿಸ್ಕೊಂಡಿದೀನಿ. ಇದೇ ಬೋರ್ಡಿನಲ್ಲಿ."

"ಲೈನ್ ಕಟ್ ಮಾಡು!" ಎಂದು ಮಾಲೀಕರು ಕಿರುಚಿದರು. "ಕದ್ದು ಕೇಳ್ತೀಯಾ? ಈವತ್ತೇ ಮನೆಗೆ ಹೋಗ್ತೀಯ ನೀನು!"

"ಹೋಗ್ತೀನಿ ಸಾರ್. ಹೇಳಿ ಹೋಗ್ತೀನಿ."

ಆ ಕಡೆಯಿಂದ ಗೋಪಾಲಪ್ಪ ಒಂದೊಂದೇ ಮಾತು ಆಡಿದ. "ನೀವು ಕೇಳಿದ್ರಾ? ಮೂರು ತಿಂಗ್ಳಿಂದ ನಿಮಗ್ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಎಲ್ಲೋಗಿದ್ರಿ?"

"ಹೆದರಿದ್ದೆ" ಎಂದಳು. "ತಪ್ಪು ಮಾಡಿದೆ. ಈಗ ಇನ್‌ಸ್ಪೆಕ್ಟರ್ ಮುಂದೆ ಹೇಳ್ತೀನಿ, ಸೈನ್ ಹಾಕ್ತೀನಿ. ನನ್ನ ಕೈಲಿ ಯಾರೂ ಹೆದರಿಸಿ ಹೇಳಿಸ್ತಿಲ್ಲ. ಹೇಳಬೇಡ ಅಂತ ಹೆದರಿಸ್ತಿದಾರೆ, ನೀವೇ ಕೇಳಿದ್ರಲ್ಲ."

ಚಿಕ್ಕಬೈರಪ್ಪ ಆಗಲೇ ಎಸ್‌ಐ ಕೈಯಿಂದ ಕಾಗದ ಕಿತ್ತುಕೊಂಡು ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದಿದ್ದರು. "ಲೈನ್ ಹಾಗೇ ಇರಲಿ. ಅವನೂ ಕೇಳ್ಲಿ. ಹೆಸರು?"

ಅವಳು ಹೇಳಿದಳು. ಹೆಸರು, ತಂದೆಯ ಹೆಸರು, ಜಾಲಹಳ್ಳಿಯ ಮನೆಯ ವಿಳಾಸ. ಡಿಸೆಂಬರ್ ಹದಿನಾಲ್ಕು. ಬಾಂಬೆಯ ಟ್ರಂಕ್ ಕಾಲ್. "ಆ ಕಾಲ್ ಬಂದ ಟೈಮು ಇಲ್ಲಿ ಪುಸ್ತಕದಲ್ಲಿದೆ ಸಾರ್, ಹನ್ನೊಂದು ಇಪ್ಪತ್ತು" ಎಂದು ಟ್ರಂಕ್ ಕಾಲ್ ಪುಸ್ತಕ ತೆರೆದು ಮುಂದಿಟ್ಟಳು. ಮಾಲೀಕರು ಅದಕ್ಕೆ ಕೈ ಹಾಕಲು ಬಂದಾಗ ಚಿಕ್ಕಬೈರಪ್ಪ ತಮ್ಮ ಲಾಠಿಯನ್ನು ಪುಸ್ತಕದ ಮೇಲೆ ಅಡ್ಡ ಇಟ್ಟರು. "ಇದು ಈಗ ಪೊಲೀಸ್ ವಶದಲ್ಲಿದೆ ಸಾರ್." ಆಮೇಲೆ ಅವರು ಬರೆದದ್ದನ್ನು ಅಕ್ಷರ ಬಿಡದೆ ಫೋನಿನಲ್ಲಿ ಓದಿದರು. ಅವಳು ಸಹಿ ಹಾಕಿದಳು.

"ಈಗ ಕೇಳು ಗೋಪಾಲಪ್ಪ" ಎಂದರು ಚಿಕ್ಕಬೈರಪ್ಪ. "ಹೊರಗೆ ಬಂದ್ರೆ ಬಿಟ್ಟುಬಿಡ್ತೀನಿ ಅಂತ ನಾನು ಹೇಳಲ್ಲ. ಬಿಡಲ್ಲ. ಇಬ್ಬರನ್ನ ಕೂಡಿ ಹಾಕಿದೀಯ, ಕೇಸ್ ಹಾಕ್ತೀನಿ. ಜೈಲಿಗೆ ಹೋಗ್ತೀಯ. ಆದ್ರೆ ಈ ಹೇಳಿಕೆ ನಿನ್ನ ಕೇಸಿನ ಫೈಲಲ್ಲೇ ಇರತ್ತೆ. ಯಾಕೆ ಕೂಡಿ ಹಾಕಿದ ಅಂತ ಕೋರ್ಟು ಕೇಳ್ಲೇಬೇಕು. ಕೇಳ್ದಾಗ ಇದನ್ನ ಓದ್ಲೇಬೇಕು. ಒಳಗೆ ನೀನು ಸುಟ್ಟುಹೋದ್ರೆ ಕೇಸೂ ಇಲ್ಲ, ಫೈಲೂ ಇಲ್ಲ. ನೀನೇ ಜಾಲರಿ ಬಿಚ್ಚಿದೆ ಅನ್ನೋ ಕಾಗದ ಒಂದೇ ಉಳಿಯತ್ತೆ."

ಅಧಿಕಾರಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಐದು ನಿಮಿಷ ಉಳಿದಿತ್ತು.

"ಸಾರ್" ಎಂದ ಗೋಪಾಲಪ್ಪ ಕೊನೆಗೆ, "ಬುಟ್ಬುಡ್ತೀನಿ ಅಂತ ಏಳಿದ್ರೆ ನಾನು ಬರ್ತಿರ್ಲಿಲ್ಲ. ಬರ್ತೀನಿ. ಒಂದು ಮಾತು. ಇಂದಿನ ಗೇಟಿಂದ ಕಳ್ಳನ್ನ ಎಳ್ಕೊಂಡೋದಂಗೆ ಬೇಡ. ಪ್ರೆಸ್ ಶಾಪಿನ ನಡುವಿಂದ ನಡ್ಸ್ಕೊಂಡೋಗಿ. ಎಲ್ರೂ ನೋಡ್ಲಿ."

"ಲೈಟರ್ ಡ್ರಮ್ಮಿನಿಂದ ದೂರ, ಬಾಗಿಲ ಹತ್ರ ನೆಲದ ಮೇಲಿಡು. ಮೊದಲು ಮ್ಯಾನೇಜರ್ ಬರ್ಲಿ. ಆಮೇಲೆ ನೀನು. ಬಾಗಿಲಲ್ಲಿ ನಾನೊಬ್ಬನೇ ಇರ್ತೀನಿ."

ಅವರು ಎದ್ದು ಹೋದರು. ಸುಬ್ಬಲಕ್ಷ್ಮಿ ಬೋರ್ಡು ಬಿಟ್ಟು ಕಿಟಕಿಗೆ ಓಡಿದಳು. ಜಯಸಿಂಹ ಮೊದಲು ಬಂದರು, ಹತ್ತು ಹೆಜ್ಜೆ ನಡೆದು ಕೂತುಬಿಟ್ಟರು. ಆಮೇಲೆ ಗೋಪಾಲಪ್ಪ ಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ, ಒಮ್ಮೆ ತೂರಾಡಿದ, ನಿಂತ. ಬಂದೂಕಿನವರು ಓಡಿ ಬಂದಾಗ ಚಿಕ್ಕಬೈರಪ್ಪ ಮಧ್ಯೆ ನಿಂತು ಕೈಯೆತ್ತಿದರು. "ಹಿಂದಿನ ಗೇಟು!" ಎಂದು ಅಧಿಕಾರಿ ಕೂಗಿದ್ದು ಅವಳಿಗೆ ಇಲ್ಲಿಗೂ ಕೇಳಿತು. ಚಿಕ್ಕಬೈರಪ್ಪನವರಿಗೆ ಮಾತ್ರ ಕೇಳಲಿಲ್ಲ. ಗೋಪಾಲಪ್ಪನ ತೋಳು ಹಿಡಿದುಕೊಂಡು ಪ್ರೆಸ್ ಶಾಪಿನ ದೊಡ್ಡ ಬಾಗಿಲ ಕಡೆ ನಡೆದರು.

ಒಳಗೆ ನಿಂತ ಪ್ರೆಸ್ಸುಗಳ ನಡುವೆ ಮುನ್ನೂರು ಜನ ನಿಂತಿದ್ದರು. ಗೋಪಾಲಪ್ಪ ಬಲಗೈ ಮೇಲೆತ್ತಿದ. ಹೆಬ್ಬೆರಳೊಂದೇ ಇದ್ದ ಆ ಕೈಯನ್ನು ಆರನೇ ಪ್ರೆಸ್ಸು ದಾಟುವವರೆಗೂ ಇಳಿಸಲಿಲ್ಲ. ಯಾರೂ ಜೈಕಾರ ಹಾಕಲಿಲ್ಲ. ಒಬ್ಬೊಬ್ಬರಾಗಿ ತಲೆಗೆ ಸುತ್ತಿದ ಬಟ್ಟೆ ತೆಗೆದರು, ಅಷ್ಟೇ.

*

ಸಂಜೆಯ ಹೊತ್ತಿಗೆ ಸುಬ್ಬಲಕ್ಷ್ಮಿಯ ಕೆಲಸ ಹೋಯಿತು. ಅದಕ್ಕೆ ಮುಂಚೆ ಮಾಲೀಕರು ಒಮ್ಮೆ ಮೆತ್ತಗಿನ ದನಿಯಲ್ಲಿ ಕೇಳಿದ್ದರು: ಗಾಬರಿಯಲ್ಲಿ ಹಾಗೆ ಹೇಳಿದೆ, ಅವನನ್ನು ಹೊರಗೆ ತರಲು ಹೇಳಿದೆ ಎಂದು ಒಂದು ಸಾಲು ಬರೆದುಕೊಡಲಿ, ಎಲ್ಲ ಮರೆಯೋಣ. "ಗಾಬರಿಯಾಗಿದ್ದು ನಿಜ ಸಾರ್. ಹೇಳಿದ್ದೂ ನಿಜ" ಎಂದು ಅವಳು ಬ್ಯಾಗು ಎತ್ತಿಕೊಂಡಳು.

ಮನೆಯಲ್ಲಿ ಪಟ್ಟಾಭಿರಾಮಯ್ಯನವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ, "ಕೇಳದೇ ಹೇಳ್ಬೇಡ ಅಂತ ನಾನೇ ಅಂದಿದ್ದೆ" ಎಂದರು, ತಟ್ಟೆ ನೋಡುತ್ತ. "ಆವತ್ತು ನಾನು ಹಾಗನ್ನಬಾರದಿತ್ತು." ಅವಳು ಅವರಿಗೆ ಇನ್ನೊಂದು ಸೌಟು ಹುಳಿ ಬಡಿಸಿದಳು.

ಚಿಕ್ಕಬೈರಪ್ಪನವರಿಗೆ ಒಂದು ತಿಂಗಳಲ್ಲಿ ದೂರದ ಊರಿಗೆ ವರ್ಗವಾಯಿತು. ಹೋಗುವ ಮುಂಚೆ ಹೇಳಿಕೆಯನ್ನೂ ಟ್ರಂಕ್ ಕಾಲ್ ಪುಸ್ತಕವನ್ನೂ ಕೋರ್ಟಿಗೆ ಒಪ್ಪಿಸಿ ರಸೀದಿ ಪಡೆದಿದ್ದರು. ಕೇಸು ನಡೆಯಲು ಒಂದೂವರೆ ವರ್ಷ ಹಿಡಿಯಿತು. ಕಂಪನಿಯ ವಕೀಲರು, "ಕದ್ದು ಕೇಳಿದ್ದು ತಾನೇ?" ಎಂದು ಸುಬ್ಬಲಕ್ಷ್ಮಿಯನ್ನು ನಾಲ್ಕು ಥರ ಕೇಳಿದರು. "ಲೈನಿಗೆ ಬರೋದು ನನ್ನ ಕೆಲಸ. ಕಿವಿ ಮುಚ್ಚಿಕೊಂಡು ಟೆಲಿಫೋನ್ ಬೋರ್ಡು ನಡೆಸೋಕೆ ಆಗಲ್ಲ" ಎಂದು ಅವಳು ನಾಲ್ಕು ಸಲವೂ ಒಂದೇ ಉತ್ತರ ಕೊಟ್ಟಳು. ಗೋಪಾಲಪ್ಪನಿಗೆ ಎರಡು ವರ್ಷ ಶಿಕ್ಷೆಯಾಯಿತು. ಅದೇ ಸಾಕ್ಷ್ಯದ ಮೇಲೆ ಕಾರ್ಮಿಕ ನ್ಯಾಯಾಲಯ ಆ ಹಳೆಯ ವಿಚಾರಣೆಯ ಕಾಗದವನ್ನು ರದ್ದು ಮಾಡಿತು. ಆ ತೀರ್ಪಿನ ನಕಲನ್ನು ಭಾಗ್ಯಮ್ಮ ಮಗಳ ಕೈಯಲ್ಲಿ ಗಟ್ಟಿಯಾಗಿ ಓದಿಸಿದಳಂತೆ, ಬೀದಿಯವರಿಗೆಲ್ಲ ಕೇಳುವ ಹಾಗೆ.

ಸುಬ್ಬಲಕ್ಷ್ಮಿಗೆ ಪೀಣ್ಯದಲ್ಲಿ ಎಲ್ಲೂ ಕೆಲಸ ಸಿಗಲಿಲ್ಲ. ಮಾಲೀಕರು ಮಾಲೀಕರಿಗೆ ಫೋನು ಮಾಡಿರುತ್ತಿದ್ದರು. ಕೊನೆಗೆ ವೈಟ್‌ಫೀಲ್ಡಿನ ಆಚೆ ಕಾಡುಗೋಡಿಯ ಹತ್ತಿರದ ಒಂದು ಕಾರ್ಖಾನೆಗೆ ಎರಡು ಬಸ್ಸು ಬದಲಾಯಿಸಿ ಸಂದರ್ಶನಕ್ಕೆ ಹೋದಳು. ಮೇಜಿನ ಹಿಂದೆ ಕೂತಿದ್ದ ವಯಸ್ಸಾದ ಮ್ಯಾನೇಜರು ಅವಳ ಅರ್ಜಿ ತಿರುವಿ, "ಅನುಭವ ಚೆನ್ನಾಗಿದೆ. ಹಿಂದಿನ ಕೆಲಸ ಯಾಕಮ್ಮ ಬಿಟ್ರಿ?" ಎಂದರು.

ಸಂಸಾರದ ಕಾರಣ ಎಂದು ಹೇಳು ಅಂತ ಅಮ್ಮ ಬೆಳಿಗ್ಗೆ ಹೇಳಿ ಕಳಿಸಿದ್ದಳು. ಸುಬ್ಬಲಕ್ಷ್ಮಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ನಾನು ಬಿಡಲಿಲ್ಲ ಸಾರ್, ಅವರೇ ತೆಗೆದರು" ಎಂದಳು. "ಯಾಕೆ ಅಂತ ಪೂರ್ತಿ ಹೇಳ್ತೀನಿ. ಕೇಳಿದ ಮೇಲೆ ಕೆಲಸ ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು."

ಮ್ಯಾನೇಜರು ಅರ್ಜಿ ಕೆಳಗಿಟ್ಟು ಕನ್ನಡಕ ತೆಗೆದರು. ಅವಳು ಹೇಳತೊಡಗಿದಳು.